ಮಕ್ಕಳ ಕಣ್ಣು: ದೂರು ಬರುವವರೆಗೆ ಕಾಯಬೇಡಿ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಚಿಕಿತ್ಸೆಗೆ ಸಂಬಂಧಿಸಿದವು. ಕನ್ನಡಕಕ್ಕಾಗಿ ಅರ್ಜಿ ಬರುವುದು ಅಪರೂಪ. ಕಳೆದ ವರ್ಷ ಡೊಂಬಿವಲಿ ಕಡೆಯ ಹೋಟೆಲ್ ಕಾರ್ಮಿಕರೊಬ್ಬರಿಂದ ಅಂಥದ್ದೊಂದು ಬಂತು. ಅವರ ಮಗಳಿಗೆ 11 ವರ್ಷ. ಆಡುವಾಗ ಬಲಗಣ್ಣಿಗೆ ಧೂಳು ಬಿದ್ದು ಅದನ್ನು ಮುಚ್ಚಿಕೊಂಡಾಗಲೇ, ಎಡಗಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲ ಎಂಬುದು ಆ ಹುಡುಗಿಗೆ ಗೊತ್ತಾದದ್ದು. "ಒಂದು ದಿನವೂ ಕಣ್ಣಿನ ವಿಷಯ ಹೇಳಿದವಳಲ್ಲ ಸಾರ್" ಎಂದರು ತಂದೆ.

ಹೇಳುವುದಾದರೂ ಹೇಗೆ? ಹುಟ್ಟಿದಂದಿನಿಂದ ಮಸುಕಾಗಿಯೇ ಕಂಡ ಮಗುವಿಗೆ ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂಬ ಭಾವನೆ. ಒಂದು ಕಣ್ಣಿನ ನಂಬರ್ ತೀರಾ ಹೆಚ್ಚಿದ್ದರೆ, ಅಥವಾ ಮೆಳ್ಳೆಗಣ್ಣಿದ್ದರೆ, ಮೆದುಳು ಆ ಕಣ್ಣಿನ ಚಿತ್ರವನ್ನು ಬದಿಗಿಟ್ಟು ಒಳ್ಳೆಯ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಇದೇ 'ಸೋಮಾರಿ ಕಣ್ಣು'. ಏಳೆಂಟು ವರ್ಷದೊಳಗೆ ತಿಳಿದರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿ ಬಹುಮಟ್ಟಿಗೆ ಸರಿಪಡಿಸಬಹುದು. ತಡವಾದಷ್ಟೂ ಫಲ ಕಡಿಮೆ. ಮೆಳ್ಳೆಗಣ್ಣು ಅದೃಷ್ಟವೆಂದು ಸುಮ್ಮನಿರುವುದು ಅಪಾಯ.

ಎರಡೂ ಕಣ್ಣಿಗೆ ದೂರದ ದೃಷ್ಟಿ ಮಂದವಾದ ಮಕ್ಕಳ ಕಥೆ ಬೇರೆ. ಬೋರ್ಡ್ ಕಾಣದೆ ಪಕ್ಕದವರ ಪುಸ್ತಕ ನೋಡಿ ಬರೆಯುತ್ತಾರೆ, 'ದಡ್ಡ' ಎನಿಸಿಕೊಳ್ಳುತ್ತಾರೆ. ಟಿ.ವಿ.ಗೆ ಅಂಟಿ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು, ತಲೆನೋವು ಇದರ ಸೂಚನೆಗಳು. ಕನ್ನಡಕ ಹಾಕಿದರೆ ನಂಬರ್ ಏರುತ್ತದೆಂಬುದು ತಪ್ಪು ಕಲ್ಪನೆ. ಬೆಳೆಯುವ ವಯಸ್ಸಿನಲ್ಲಿ ಕಣ್ಣೂ ಬೆಳೆಯುವುದರಿಂದ ನಂಬರ್ ಏರುತ್ತದೆ. ದಿನಕ್ಕೆರಡು ಗಂಟೆ ಬಯಲಿನಲ್ಲಿ ಆಡುವುದು ಒಳ್ಳೆಯದು.

ಮನೆಯಲ್ಲೇ ಒಂದು ಕೆಲಸ ಮಾಡಿ. ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಗೋಡೆಯ ಕ್ಯಾಲೆಂಡರ್ ದೂರದಿಂದ ಓದಿಸಿ. ವ್ಯತ್ಯಾಸ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಕಾಣದಿದ್ದರೂ ಶಾಲೆಗೆ ಸೇರಿಸುವ ಮೊದಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಇರಲಿ. ಮಕ್ಕಳಿಗೆ ಡ್ರಾಪ್ಸ್ ಹಾಕಿಯೇ ನಂಬರ್ ನೋಡಬೇಕಾಗುತ್ತದೆ. ಅದರಿಂದ ಕೆಲಹೊತ್ತು ಓದಲಾಗದು, ಆದ್ದರಿಂದ ಪರೀಕ್ಷೆಯ ಮುನ್ನಾದಿನ ಬೇಡ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ದೃಷ್ಟಿ ತಪಾಸಣೆಯೂ ಸೇರಿದೆ. ಸಾಲ ಮಾಡಿ ಖಾಸಗಿ ಶಾಲೆಗೆ ಕಳಿಸುವ ನಮ್ಮವರ ಮಕ್ಕಳು ಅದರಿಂದ ಹೊರಗುಳಿಯುತ್ತಾರೆ.

ಆ ಹುಡುಗಿಗೆ ಕನ್ನಡಕ ಬಂದಿದೆ, ಪಟ್ಟಿಯೂ ನಡೆದಿದೆ. ಎಡಗಣ್ಣು ಎಷ್ಟು ಚೇತರಿಸಿಕೊಂಡೀತೆಂದು ವೈದ್ಯರು ಮಾತು ಕೊಟ್ಟಿಲ್ಲ. ಐದು ವರ್ಷ ಮೊದಲು ಹತ್ತು ನಿಮಿಷದ ತಪಾಸಣೆಯಾಗಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ನಮ್ಮ ಅಶಕ್ತ ಕುಟುಂಬಗಳ ಮಕ್ಕಳ ತಪಾಸಣೆ, ಕನ್ನಡಕದ ಖರ್ಚಿಗೆ ತಾವು ಯಥಾಶಕ್ತಿ ನೆರವಾಗಬೇಕೆಂದು ವಿನಂತಿ. ನೆರವು ಬೇಕಾದ ಪಾಲಕರು ಸಂಕೋಚಪಡದೆ ಸಂಘದ ಕಚೇರಿಗೆ ಬನ್ನಿ. ನಿಮ್ಮ ಹೆಸರು ಸಮಿತಿಯ ಹೊರಗೆ ಹೋಗುವುದಿಲ್ಲ.