ಕೊಟ್ಟಿಗೆಯ ಯೆಜ್ಡಿಯನ್ನು ಮಣ್ಣಿಗಿಳಿಸಬಹುದೆ?

ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಕಪಿಲೆಯ ಆಸುಪಾಸಿನಲ್ಲೇ ಸಾಗುವ ದಾರಿಯಲ್ಲಿ ಯಾವುದಾದರೊಂದು ಊರೊಳಗೆ ಹೊಕ್ಕು, 'ಇಲ್ಲಿ ಹಳೇ ಯೆಜ್ಡಿ ಯಾರ ಮನೇಲಿದೆ?' ಎಂದು ಕೇಳಿ ನೋಡಿ. ಅರಳಿಕಟ್ಟೆಯಲ್ಲಿ ಕೂತವರಲ್ಲಿ ಒಬ್ಬರಾದರೂ ಕೈ ತೋರಿಸುತ್ತಾರೆ. ಗಾಡಿ ಕೊಟ್ಟಿಗೆಯ ಮೂಲೆಯಲ್ಲಿರುತ್ತದೆ. ಟ್ಯಾಂಕಿನ ಮೇಲೆ ಗೊಬ್ಬರದ ಚೀಲ, ಹ್ಯಾಂಡಲಿಗೆ ಕರುವಿನ ಹಗ್ಗ, ಸೀಟಿನ ಮೇಲೆ ಕಾವಿಗೆ ಕೂತ ಕೋಳಿ. ಒಂದು ಕಾಲದಲ್ಲಿ ಹಾಲಿನ ಕ್ಯಾನು, ರಸಬಾಳೆ ಗೊನೆ, ರೇಷ್ಮೆಗೂಡಿನ ಮೂಟೆ, ಹೆರಿಗೆಗೆ ಹೊರಟ ಹೆಂಗಸು ಎಲ್ಲವನ್ನೂ ಹೊತ್ತದ್ದು ಅದೇ.

ಇಂಥದೇ ಒಂದು ಕೊಟ್ಟಿಗೆಗೆ ಪರಿಚಯದ ಹುಡುಗನೊಬ್ಬ ನನ್ನನ್ನು ಕರೆದೊಯ್ದಿದ್ದ. ಗಾಡಿ ಅವನ ಸೋದರಮಾವನದು, ರೋಡ್‌ಕಿಂಗ್. ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ರೇಸ್ ನೋಡಿ ಬಂದಾಗಿನಿಂದ ಹುಡುಗನಿಗೆ ನಿದ್ದೆ ಇಲ್ಲ.

'ಮಾವ, ಇದನ್ನ ರೆಡಿ ಮಾಡಿಸಿ ರೇಸಿಗೆ ಬಿಡ್ತೀನಿ.'

'ಮೊದ್ಲು ಕೋಳಿ ಎಬ್ಬಿಸ್ಲಾ,' ಎಂದರು ಮಾವ.

ತಮಾಷೆ ಇರಲಿ, ಹುಡುಗನ ಪ್ರಶ್ನೆ ಸಣ್ಣದಲ್ಲ. ಮೈಸೂರು ಸೀಮೆಯಲ್ಲಿ ಹಳೇ ಯೆಜ್ಡಿಗೆ ಜೀವ ಕೊಡುವುದು ಒಂದು ಕಸುಬಾಗಿಯೇ ಉಳಿದಿದೆ. ಅದರ ಹಿಂದೆ ಒಂದು ಕಾರ್ಖಾನೆಯ ಕಥೆ ಇದೆ. ಮುಂಬೈಯ ಪಾರ್ಸಿ ಉದ್ಯಮಿ ಕುಟುಂಬದ ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು, ಜಯಚಾಮರಾಜ ಒಡೆಯರ್ ಅವರ ಬೆಂಬಲದೊಂದಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಿಂದ ಗಾಡಿಗಳು ಹೊರಬರತೊಡಗಿದವು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಟ್ಯಾಂಕಿನ ಮೇಲಿನ 'ಜಾವಾ' ಕೂಡ 'ಯೆಜ್ಡಿ' ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರು ಎನ್ನುತ್ತಾರೆ. ಜೆಕ್ ಭಾಷೆಯಲ್ಲೂ ಆ ಸದ್ದಿನ ಮಾತೊಂದಿದೆ, 'ಸವಾರಿ ಮಾಡುತ್ತಾನೆ' ಎಂದು ಅರ್ಥ. ಹೆಸರಿಟ್ಟವರಿಗೆ ಇದು ಹೊಳೆದಿತ್ತೋ ಇಲ್ಲವೋ, ನಮ್ಮ ರೈತರು ಮಾತ್ರ ಸವಾರಿ ಮಾಡಿಯೇ ಮಾಡಿದರು.

1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ, ಎರಡು ಸ್ಟ್ರೋಕಿನ ಒಂಟಿ ಸಿಲಿಂಡರ್, ಎರಡು ಸೈಲೆನ್ಸರ್, ಸುಮಾರು 16 ಕುದುರೆ ಬಲ. ಹಳೇ ಜಾವಾದಲ್ಲಿ ಇದ್ದದ್ದು 12. ಆಮೇಲೆ 1985ರ ಹೊತ್ತಿಗೆ ಜಪಾನ್ ಸಹಯೋಗದ 100 ಸಿಸಿ ಗಾಡಿಗಳು ಬಂದವು, ಹೀರೊ ಹೊಂಡಾ ಮೈಲೇಜಿನ ಲೆಕ್ಕ ಕಲಿಸಿತು, ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಲ್ಲಿ ಕೈ ಪಳಗಿಸಿಕೊಂಡಿದ್ದವರಲ್ಲಿ ಕೆಲವರು ಮೈಸೂರಿನ ಗಲ್ಲಿಗಳಲ್ಲಿ ಸ್ವಂತ ಗ್ಯಾರೇಜ್ ಇಟ್ಟರು. ಈಗಿನ ಹೊಸ ಜಾವಾ, ಯೆಜ್ಡಿಗಳು 2018ರ ನಂತರ ಬಂದಂಥವು, ಬೇರೆ ಕಂಪನಿಯವು, ತಯಾರಾಗುವುದು ಮಧ್ಯಪ್ರದೇಶದಲ್ಲಿ. ಅವುಗಳ ಕಥೆ ಇಲ್ಲಿ ಬೇಡ.

ಮಣ್ಣಿನ ಓಟ ಈ ಗಾಡಿಯ ವಂಶಕ್ಕೆ ಹೊಸತೇನಲ್ಲ. ಜಾವಾದ ಒಡಹುಟ್ಟಾದ ಸಿಝಡ್ ಗಾಡಿಗಳು 1960ರ ದಶಕದಲ್ಲಿ ಮೊಟೊಕ್ರಾಸ್ ಜಗತ್ತನ್ನೇ ಆಳಿದ್ದವು. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964, 1968, 1969ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದದ್ದು ಸಿಝಡ್ ಮೇಲೆ. ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ ಸತತ ಮೂರು ವರ್ಷ 500 ಸಿಸಿ ಪಟ್ಟ ಗೆದ್ದದ್ದೂ ಅದರ ಮೇಲೆಯೇ. ಹಾಗೆಂದು ಹಾಲಿನ ಕ್ಯಾನ್ ಹೊತ್ತ ರೋಡ್‌ಕಿಂಗ್ ಅವುಗಳಷ್ಟೇ ಎಂದು ಉಬ್ಬಬೇಕಾಗಿಲ್ಲ. ಹಳ್ಳಿಕಾರ್ ತಳಿ ಎಂದ ಮಾತ್ರಕ್ಕೆ ಉಳುವ ಎತ್ತೆಲ್ಲ ಗಾಡಿ ಓಟಕ್ಕೆ ಆಗುತ್ತದೆಯೆ?

ತೂಕವನ್ನೇ ನೋಡಿ. ರೋಡ್‌ಕಿಂಗ್ ಸುಮಾರು 140 ಕಿಲೋ. ಹಳೇ ಯಮಹಾ ಆರ್‌ಎಕ್ಸ್ 100 ಅದಕ್ಕಿಂತ 40 ಕಿಲೋದಷ್ಟು ಹಗುರ. ಮಣ್ಣಿನ ಮೈದಾನದಲ್ಲಿ ನಮ್ಮ ಹುಡುಗರು ಅದನ್ನೇ ಹೆಚ್ಚು ನೆಚ್ಚಿದ್ದು ಸುಮ್ಮನೆ ಅಲ್ಲ. ಈಗಿನ ಮೊಟೊಕ್ರಾಸ್ ಗಾಡಿಯ ಚಕ್ರ ಗುಂಡಿಗೆ ಇಳಿದು ಏಳುವಾಗ ಶಾಕ್ ಅಬ್ಸಾರ್ಬರ್ ಹೆಚ್ಚುಕಡಿಮೆ ಒಂದಡಿ ಆಡುತ್ತದೆ. ಯೆಜ್ಡಿಯದು ಒಂದು ಗೇಣೂ ಆಡುವುದಿಲ್ಲ. ದಿಬ್ಬದಿಂದ ಹಾರಿಸಿದರೆ ಮೊದಲು ಬಿರುಕು ಬಿಡುವುದು ಚಾಸಿಯ ಬೆಸುಗೆ, ಆಮೇಲೆ ಸವಾರನ ಸೊಂಟ. ದಿಬ್ಬಗಳಿಲ್ಲದ ಸಮತಟ್ಟು ಮಣ್ಣಿನ ಸುತ್ತಿನಲ್ಲಾದರೆ ಯೆಜ್ಡಿ ಮರ್ಯಾದೆ ಉಳಿಸಿಕೊಳ್ಳುತ್ತದೆ. ಕಡಿಮೆ ವೇಗದಲ್ಲೂ ಎಳೆಯುವ ಅದರ ಎಂಜಿನ್ ಒದ್ದೆ ಮಣ್ಣಿಗೆ ಹೇಳಿ ಮಾಡಿಸಿದ್ದು.

ಯೆಜ್ಡಿಯ ಒಂದು ವಿಚಿತ್ರ ಇಲ್ಲಿ ಹೇಳಲೇಬೇಕು. ಅದರಲ್ಲಿ ಗೇರ್ ಹಾಕುವ ಪೆಡಲ್ಲೇ ಕಿಕ್ಕರ್. ಪೆಡಲನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರಾಗಿ ನಿಲ್ಲುತ್ತದೆ. ಹಬ್ಬದ ದಿನ ನೆಂಟರ ಎದುರು ಮಾಡಿ ತೋರಿಸುವುದಕ್ಕೆ ಚಂದ. ಓಟದ ನಡುವೆ ಗಾಡಿ ಆಫ್ ಆದಾಗ ಮಾತ್ರ ಕೆಸರು ಮೆತ್ತಿದ ಶೂನಲ್ಲಿ ಈ ಸರ್ಕಸ್ ಮಾಡುವಷ್ಟರಲ್ಲಿ ಎದುರಾಳಿ ಅರ್ಧ ಸುತ್ತು ಮುಗಿಸಿರುತ್ತಾನೆ. ಅದೇ ಪೆಡಲ್ ಒತ್ತಿದಾಗ ಕ್ಲಚ್ ತಾನೇ ಬಿಡುವ ವ್ಯವಸ್ಥೆಯೂ ಇದರಲ್ಲಿದೆ, ಎಡಗೈಗೆ ಕೆಲಸ ಕಡಿಮೆ.

ಗಾಡಿ ಎಬ್ಬಿಸುವ ಮುಂಚೆ ಮೇಸ್ತ್ರಿ ನೋಡುವುದು ಬಣ್ಣವನ್ನಲ್ಲ, ಕ್ರೋಮನ್ನೂ ಅಲ್ಲ. ಹೆಡ್ ಬಿಚ್ಚಿ, ಬೋರ್ ತೆಗೆದು, ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡುತ್ತಾನೆ. ಅಕ್ಕಪಕ್ಕ ತುಸು ಅಲುಗಾಡಿದರೆ ಪರವಾಗಿಲ್ಲ. ಮೇಲೆ ಕೆಳಗೆ 'ಟಕ್ ಟಕ್' ಎಂದರೆ ಕ್ರ್ಯಾಂಕ್ ಕೆಲಸ ಇದೆ ಎಂದೇ ಅರ್ಥ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಗಾಳಿ, ಪೆಟ್ರೋಲ್, ಆಯಿಲ್ ಮೂರೂ ಮೊದಲು ಕ್ರ್ಯಾಂಕ್ ಕೋಣೆಗೆ ಹೋಗಿಯೇ ಮೇಲಕ್ಕೆ ಬರಬೇಕು. ಆದ್ದರಿಂದ ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲ್ ಒಣಗಿ ಬಿರಿದಿದ್ದರೆ ಅಲ್ಲಿಂದ ಹೊರಗಾಳಿ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಬೋರಿಗೆ ಕಚ್ಚಿಕೊಳ್ಳುತ್ತದೆ. ರಸ್ತೆಯಲ್ಲಿ ಜಾಮ್ ಆದರೆ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಬಹುದು. ರೇಸಿನಲ್ಲಿ ಹಿಂದಿನವನು ನಮ್ಮ ಬೆನ್ನ ಮೇಲೆಯೇ ಬರುತ್ತಾನೆ.

ನಂಜನಗೂಡಿನ ಕಡೆಯ ಗಾಡಿಗೆ ಇನ್ನೊಂದು ಪ್ರಶ್ನೆ ಹೆಚ್ಚು ಕೇಳಬೇಕು: ನೆರೆ ಬಂದಾಗ ಇದು ಎಲ್ಲಿತ್ತು? 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೇ ಹರಿದಿತ್ತು. ತಗ್ಗಿನ ಮನೆಗಳಿಗೂ ನೀರು ನುಗ್ಗಿತ್ತು. ಸೈಲೆನ್ಸರಿನ ದಾರಿಯಿಂದ ಒಳಹೊಕ್ಕ ಕಪಿಲೆಯ ಕೆನ್ನೀರು ಕ್ರ್ಯಾಂಕ್ ಕೋಣೆಯಲ್ಲಿ ವರ್ಷಗಟ್ಟಲೆ ಕೂತರೆ ಬೇರಿಂಗುಗಳು ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿಬಿಡುತ್ತವೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಅಂಥ ಗಾಡಿಗೆ ಮೊದಲ ದಿನವೇ ಕಿಕ್ ಹೊಡೆಯುವುದು ಮೂರ್ಖತನ. ಪ್ಲಗ್ ಬಿಚ್ಚಿ, ಆಯಿಲ್ ಬಿಟ್ಟು, ನಾಲ್ಕು ದಿನ ನೆನೆಯಲು ಬಿಡಬೇಕು.

ಕ್ರ್ಯಾಂಕ್ ಸೆಟ್ ಮಾಡುವುದು ಈ ಕಸುಬಿನ ಪ್ರಾಣ. ಎರಡು ಭಾರದ ಚಕ್ರಗಳು, ನಡುವೆ ಪಿನ್ನು, ಪಿನ್ನಿಗೆ ರಾಡು. ನಟ್ಟು ಬೋಲ್ಟಿಲ್ಲ, ಪ್ರೆಸ್ಸಿನ ಬಿಗಿಯಲ್ಲೇ ಎಲ್ಲ ನಿಂತಿರುತ್ತದೆ. ಹಳೇ ಪಿನ್ನು ಒತ್ತಿ ತೆಗೆದು, ಹೊಸ ರಾಡ್ ಕಿಟ್ ಕೂರಿಸಿ, ಮತ್ತೆ ಪ್ರೆಸ್ಸಿಗೆ ಕೊಟ್ಟು, ಲೇತಿನ ಎರಡು ತುದಿಗಳ ನಡುವೆ ತಿರುಗಿಸಿ ಡಯಲ್ ಗೇಜಿನ ಮುಳ್ಳು ನೋಡುತ್ತಾರೆ. ಮುಳ್ಳು ಹೊಯ್ದಾಡಿದರೆ ಹಿತ್ತಾಳೆ ಸುತ್ತಿಗೆಯಲ್ಲಿ ಒಂದು ಏಟು, ಮತ್ತೆ ತಿರುಗಿಸು, ಮತ್ತೆ ನೋಡು. ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ ಅದು. ಎಲ್ಲಿ ಹೊಡೆಯಬೇಕು, ಎಷ್ಟು ಹೊಡೆಯಬೇಕು ಎಂಬುದು ಬರೆದು ಕಲಿಸುವ ವಿದ್ಯೆಯಲ್ಲ. ಈ ಕೆಲಸ ಗೊತ್ತಿಲ್ಲದವರ ಕೈಗೆ ಕೊಟ್ಟ ಕ್ರ್ಯಾಂಕು ನಾಲ್ಕೇ ದಿನದಲ್ಲಿ ಕೈಕಾಲು ಜೋಮು ಹಿಡಿಸುವಷ್ಟು ನಡುಗತೊಡಗುತ್ತದೆ.

ಮೈಸೂರಿಗೆ ಎಂಜಿನ್ ಕೆದಕುವ ಖಯಾಲಿ ಮೊದಲಿನಿಂದಲೂ ಇದೆ. ರೇಸಿನ ಹಿನ್ನೆಲೆಯ ಇಲ್ಲಿನ ಸೋಮೇಂದರ್ ಸಿಂಗ್ ಸಿಲಿಂಡರ್ ಹೆಡ್ಡಿನ ಒಳಮೈಗೆ ಗೆರೆಗಳನ್ನು ಕೊರೆದು, ಉರಿಯುವ ಮಿಶ್ರಣ ಚೆನ್ನಾಗಿ ಕಲಕುವಂತೆ ಮಾಡುವ ವಿನ್ಯಾಸಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ದೊಡ್ಡ ಪ್ರಯೋಗಾಲಯದ ಕೆಲಸವಲ್ಲ ಅದು, ಗ್ಯಾರೇಜಿನದು.

ಇಷ್ಟಾದ ಮೇಲೂ ನಿಜವಾದ ತೀರ್ಮಾನ ಆಗುವುದು ಗ್ಯಾರೇಜಿನಲ್ಲಿ ಅಲ್ಲ, ಮನೆಯ ಟ್ರಂಕಿನಲ್ಲಿ. ಆರ್‌ಸಿ ಬುಕ್ ಇರುವ ಜಾಗದಲ್ಲಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾವಣೆಯಿಲ್ಲದೆ ಮೂಲ ರೂಪದಲ್ಲೇ ಇರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ 'ವಿಎ' ಎಂಬ ಗುರುತು. 'ಎಂವೈ' ಎಂದು ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರಿನ ಜಾವಾ ಯಾರ ಮನೆಯಲ್ಲಾದರೂ ಇದ್ದರೆ ಅದು ಈ ಸಾಲಿಗೆ ಸೇರುವ ವಯಸ್ಸು ದಾಟಿದೆ. ಅಂಥದನ್ನು ತಂದು ಮಡ್‌ಗಾರ್ಡ್ ಕತ್ತರಿಸಿ, ಚಾಸಿಗೆ ಹೊಸ ಬೆಸುಗೆ ಹಾಕಿ, ಜೋಡಿ ಸೈಲೆನ್ಸರ್ ಕಿತ್ತು ರೇಸಿಗೆ ಬಿಡುವವರನ್ನು ಕಂಡರೆ ನನಗೆ ಕೋಪವೇ ಬರುತ್ತದೆ. ಕತ್ತರಿಸಿದ್ದು ಮತ್ತೆ ಸಿಗುವುದಿಲ್ಲ. ಅದಕ್ಕೆ ಹಳೇ ಬಣ್ಣ, ಹಳೇ ಜಿಕೋವ್ ಕಾರ್ಬೋರೇಟರ್, ಜುಲೈ ತಿಂಗಳ ಜಾವಾ ದಿನದ ಮೆರವಣಿಗೆ ಸಾಕು.

ದಾಖಲೆ ಕಳೆದುಹೋದ, ಅರ್ಧ ಭಾಗ ಗುಜರಿಗೆ ಹೋದ ಗಾಡಿಯ ಮಾತೇ ಬೇರೆ. ಅದು ರಸ್ತೆಗೆ ಬರುವಂತಿಲ್ಲ. ರ‍್ಯಾಲಿಗೂ ಆಗದು, ಏಕೆಂದರೆ ರ‍್ಯಾಲಿಯ ಒಂದು ಹಂತದಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲೇ ಓಡಿಸಿಕೊಂಡು ಹೋಗಬೇಕು. ಸುತ್ತಲೂ ಬೇಲಿ ಹಾಕಿದ ಮಣ್ಣಿನ ಮೈದಾನ ಮಾತ್ರ ಅದಕ್ಕೆ ತೆರೆದ ಬಾಗಿಲು. ಕದ್ದ ಮಾಲಲ್ಲ ಎಂಬುದು ಖಾತ್ರಿಯಾಗಿರಬೇಕು, ಅಷ್ಟೆ. ಓಟಕ್ಕೆ ಮೋಟಾರ್ ಸ್ಪೋರ್ಟ್ಸ್ ಫೆಡರೇಶನ್ನಿನ ಮಾನ್ಯತೆ ಇದ್ದರೆ ಸವಾರನಿಗೆ ಸ್ಪರ್ಧಾ ಲೈಸೆನ್ಸ್ ಬೇಕು, ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ಹಳೇ ಎರಡು ಸ್ಟ್ರೋಕಿನ ಗಾಡಿಗಳಿಗೆ ವರ್ಗವೊಂದು ಇದೆಯೆ ಎಂದು ಸಂಘಟಕರನ್ನು ಮುಂಚೆಯೇ ಕೇಳದೆ ಬೋರಿಗೆ ಕೈ ಹಾಕಬಾರದು. ಹೆಲ್ಮೆಟ್, ಬೂಟು, ಎದೆಗವಚಗಳ ಖರ್ಚು ಗಾಡಿಯ ಖರ್ಚಿಗಿಂತ ಮೊದಲು ಬರಬೇಕು. ಬಹಳ ಹುಡುಗರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಕಲಿಯುವುದಕ್ಕೂ ತಲಕಾಡಿನ ಮರಳು, ಹೊಳೆದಂಡೆ ಎಂದು ನುಗ್ಗಬೇಕಾಗಿಲ್ಲ. ಡಕಾರ್ ರ‍್ಯಾಲಿಯನ್ನು 2015ರಲ್ಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಕೋಲಾರದ ಬಳಿ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕಿನಲ್ಲಿ ಮಣ್ಣಿನ ಸವಾರಿ ಕಲಿಸುತ್ತಾರೆ. ಯೆಜ್ಡಿಗೆ ಹಣ ಸುರಿಯುವ ಮುನ್ನ ಎರಡು ದಿನ ಅಲ್ಲಿ ಬಿದ್ದು ಎದ್ದು ಬಂದರೆ ಆಸೆ ಎಷ್ಟು ಗಟ್ಟಿ ಎಂದು ತಿಳಿದೀತು.

ನಮ್ಮ ಕೊಟ್ಟಿಗೆಯ ಗಾಡಿಗೆ ಬರೋಣ. ಕೋಳಿ ಎದ್ದು ಹೋದ ಮೇಲೆ ಹುಡುಗ ಸೀಮೆಎಣ್ಣೆ ಬಟ್ಟೆಯಲ್ಲಿ ಚಾಸಿ ಉಜ್ಜಿ ನಂಬರ್ ಓದಿದ. ಮಾವ ಕನ್ನಡಕ ಹಾಕಿಕೊಂಡು ಆರ್‌ಸಿ ಬುಕ್ ಹಿಡಿದಿದ್ದರು. ಸರಿಹೋಯಿತು. ಆಮೇಲೆ ಎಂಜಿನ್ ಉಜ್ಜಿದ. ಒಂದೊಂದೇ ಅಂಕಿ ಓದುತ್ತ ಹೋದ ಹಾಗೆ ಮಾವನ ಹುಬ್ಬು ಗಂಟಾಯಿತು. ಮೂರನೆಯ ಅಂಕಿಯಿಂದಲೇ ತಾಳೆ ಇಲ್ಲ.

'ಇದು ಬೇರೆ ಎಂಜಿನ್ನು ಮಾವ!'

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಹೌದು ಕಣ್ಲಾ. ಆವಾಗ ಇದರ ಕ್ರ್ಯಾಂಕ್ ಕಟ್ಟಾಗಿತ್ತು. ಹಾಲಿನ ಡೈರಿಯವನ ಗಾಡಿ ಗುಜರಿಗೆ ಹಾಕ್ತಿದ್ರು, ಅದರದೇ ಎಂಜಿನ್ ತಂದು ಕೂರಿಸ್ದೆ. ಬುಕ್‌ನಲ್ಲಿ ಬರೆಸೋಕೆ ಯಾರು ಮೈಸೂರಿಗೆ ಹೋಗೋರು?'

ಹುಡುಗನ ಮುಖ ಅರಳಿತು. ಮಾವ ಆರ್‌ಸಿ ಬುಕ್ ಮಡಿಸಿ ಜೇಬಿಗಿಟ್ಟುಕೊಂಡು, ಗೊಬ್ಬರದ ಚೀಲ ಎತ್ತಲು ಇನ್ನೊಂದು ಕಡೆ ಹಿಡಿ ಎಂದರು.