ಸ್ಟಿಕ್ ಹಿಡಿದ ಕೈಗೆ ಅಂಕಪಟ್ಟಿಯೂ ಬೇಕು

ದಾವಣಗೆರೆ, ಹರಿಹರದ ನಮ್ಮ ಮಹಲ್ಲ್‌ಗಳಲ್ಲಿ ಈಗೀಗ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತಿದೆ. ಮಗ ಆಟದಲ್ಲಿ ಮುಂದಿದ್ದಾನೆ. ಬೆಂಗಳೂರಿನಿಂದ ಕರೆ ಬಂದಿದೆ. ಕಾಲೇಜು ಅರ್ಧಕ್ಕೆ ಬಿಟ್ಟು ಹೋಗ್ತೀನಿ ಅಂತಾನೆ. ಕಳಿಸೋದಾ, ಬೇಡವಾ? ಹಾಕಿ ಇರಲಿ, ಕ್ರಿಕೆಟ್ ಇರಲಿ, ಕಬಡ್ಡಿ ಇರಲಿ, ಪ್ರಶ್ನೆ ಒಂದೇ. ನಾವು ಮದ್ರಸದಲ್ಲಿ ಪಾಠ ಹೇಳುವವರು, ಮೈದಾನದ ಜನ ಅಲ್ಲ. ಆದರೂ ಎಲ್ಲ ಕಡೆ ವಿಚಾರಿಸಿದ ಮೇಲೆ ಕೊನೆಗೊಮ್ಮೆ ನಮ್ಮ ಹತ್ತಿರವೂ ಬಂದು ಕೇಳುತ್ತಾರೆ. ಉತ್ತರ ಹೇಳುವ ಮೊದಲು ನಮ್ಮ ರಾಜ್ಯದಲ್ಲೇ, ನಮ್ಮ ಕಣ್ಣ ಮುಂದೆಯೇ ನಡೆದಿರುವ ಕೆಲವು ಸಂಗತಿಗಳನ್ನು ನೋಡೋಣ.

ದಾವಣಗೆರೆಯ ಹುಡುಗ

ಮೊದಲು ನಮ್ಮೂರಿನ ಆರ್. ವಿನಯ್ ಕುಮಾರ್. 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದವರು. ತಂದೆ ಆಟೋ ಓಡಿಸುತ್ತಿದ್ದರು. ಅಂಥ ಮನೆಯಿಂದ ಹೊರಟು 2004-05ರಲ್ಲಿ ಕರ್ನಾಟಕ ರಣಜಿ ತಂಡ ಸೇರಿದರು. 2010ರಲ್ಲಿ ಭಾರತ ತಂಡಕ್ಕೆ ಆಡಿದರು. 'ದಾವಣಗೆರೆ ಎಕ್ಸ್‌ಪ್ರೆಸ್' ಅಂತ ದೇಶವೇ ಕರೆಯಿತು. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ಎರಡನೇ ಬಾರಿಯ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಈ ಬೌಲರ್ ಔಟಾಗದೆ 105 ರನ್ ಹೊಡೆದರು. ಪ್ರಥಮ ದರ್ಜೆ ಪಂದ್ಯಗಳಲ್ಲಿ ಒಟ್ಟು 504 ವಿಕೆಟ್. ಇದು ಸಣ್ಣ ಸಾಧನೆ ಅಲ್ಲ.

ಇಷ್ಟೆಲ್ಲ ಇದ್ದೂ ಅವರಿಗೆ ಸಿಕ್ಕಿದ್ದು ಒಂದೇ ಒಂದು ಟೆಸ್ಟ್. 2012ರ ಜನವರಿಯಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಒಂದು ವಿಕೆಟ್, 73 ರನ್. 2013ರ ನವೆಂಬರ್ 2ರಂದು ಬೆಂಗಳೂರಿನ ಏಕದಿನ ಪಂದ್ಯದಲ್ಲಿ 9 ಓವರ್‌ಗೆ 102 ರನ್ ಕೊಟ್ಟರು. ಆಮೇಲೆ ಭಾರತ ತಂಡದ ಬಾಗಿಲು ಅವರಿಗೆ ತೆರೆಯಲೇ ಇಲ್ಲ. ಒಂದು ದಿನ ಚೆಂಡು ಕೈಗೆ ಹತ್ತದಿದ್ದರೆ ಆಟದ ಲೋಕದಲ್ಲಿ ಹೀಗೂ ಆಗುತ್ತದೆ. ಅವರಿಗೆ ಕರ್ನಾಟಕ ತಂಡ ಇತ್ತು, ನಾಯಕತ್ವ ಇತ್ತು, ಎದೆಗಾರಿಕೆ ಇತ್ತು, ಎದ್ದು ನಿಂತರು. 2021ರಲ್ಲಿ ನಿವೃತ್ತರಾದಾಗ ವಯಸ್ಸು 37. ಅಷ್ಟು ಎತ್ತರಕ್ಕೆ ಹೋದವರ ಕಥೆಯೇ ಹೀಗಿದ್ದರೆ, ರಾಜ್ಯ ತಂಡದ ಬಾಗಿಲವರೆಗೆ ಹೋಗಿ ವಾಪಸ್ ಬಂದ ಹುಡುಗರ ಕಥೆ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವರೂ ಯಾವುದೋ ಮನೆಯ ಮಕ್ಕಳೇ.

ಸುರತ್ಕಲ್‌ನ ತಾಯಿ

ನಮ್ಮ ಓದುಗರಲ್ಲಿ ಬಹಳ ಮಂದಿಯ ಮೂಲ ಊರು ಕರಾವಳಿ. ಅವರಿಗೆ ಕೆ.ಎಲ್. ರಾಹುಲ್ ಪರಿಚಯ ಮಾಡಿಕೊಡಬೇಕಿಲ್ಲ. ಸುರತ್ಕಲ್‌ನಲ್ಲಿ ಬೆಳೆದವರು. ತಂದೆ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರು, ತಾಯಿ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಕ್ರಿಕೆಟ್‌ಗಾಗಿ 18ರ ವಯಸ್ಸಿಗೆ ಬೆಂಗಳೂರಿಗೆ ಹೋಗಿ ಅಲ್ಲಿನ ಜೈನ್ ಕಾಲೇಜು ಸೇರಿದರು. 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟರು, ಮುಂದಿನ ಟೆಸ್ಟ್‌ನಲ್ಲೇ ಶತಕ ಹೊಡೆದರು.

ಅವರೇ ಒಂದು ಸಂದರ್ಶನದಲ್ಲಿ ಹೇಳಿಕೊಂಡ ಮಾತು ನಮ್ಮ ಮನೆಗಳಿಗೆ ಸರಿಯಾಗಿ ಅನ್ವಯಿಸುತ್ತದೆ. ಬಾಕಿ ಉಳಿದ ಪರೀಕ್ಷೆಗಳನ್ನು ಕೂತು ಬರೆದು ಮುಗಿಸಬಾರದೇ ಅಂತ ತಾಯಿ ಈಗಲೂ ಬೈಯುತ್ತಾರಂತೆ. ಮಗ ಭಾರತ ತಂಡಕ್ಕೆ ಆಡಿದ್ದಕ್ಕಿಂತ, ಕ್ರೀಡಾ ಕೋಟಾದಲ್ಲಿ ರಿಸರ್ವ್ ಬ್ಯಾಂಕಿನ ಕೆಲಸ ಸಿಕ್ಕಾಗ ಮನೆಯಲ್ಲಿ ಹೆಚ್ಚು ಸಂತೋಷವಾಯಿತಂತೆ. ಕೋಟಿಗಟ್ಟಲೆ ದುಡಿಯುವ ಮಗನ ತಾಯಿಯ ಮಾತಿದು. ಕೇಳಿದರೆ ನಗು ಬರುತ್ತದೆ. ಆದರೆ ಆ ತಾಯಿಯ ಮಾತಿನಲ್ಲಿ ದುಡ್ಡಿನ ಚಿಂತೆ ಇಲ್ಲ. ಆಟ ಕೈ ಕೊಟ್ಟ ದಿನ ಮಗನ ಕೈಯಲ್ಲಿ ಏನಿರುತ್ತದೆ ಎನ್ನುವ ಚಿಂತೆ ಇದೆ. ನಮ್ಮ ಉಮ್ಮಂದಿರ ಚಿಂತೆಯೂ ಅದೇ ಅಲ್ಲವೇ?

ಹಾಕಿಯ ಲೆಕ್ಕ ಬೇರೆ

ಕ್ರಿಕೆಟ್‌ನಲ್ಲಿ ಗೆದ್ದವರಿಗೆ ದುಡ್ಡಾದರೂ ಇದೆ. ಹಾಕಿಯ ಲೆಕ್ಕ ಬೇರೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ನೋಡಿ. ತಂದೆ ಬಡಗಿ. ಮಗ 2007ರಲ್ಲಿ ಭಾರತಕ್ಕೆ ಆಡಲು ಶುರು ಮಾಡಿ ಎರಡು ಒಲಿಂಪಿಕ್ಸ್ ನೋಡಿದರು, 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದರು, ಅರ್ಜುನ ಪ್ರಶಸ್ತಿ ಪಡೆದರು. ಆದರೆ 41 ವರ್ಷಗಳ ನಂತರ ಭಾರತಕ್ಕೆ ಒಲಿಂಪಿಕ್ ಪದಕ ತಂದ ಟೋಕಿಯೋ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಅದೇ 2021ರಲ್ಲಿ ನಿವೃತ್ತಿ ಹೇಳಿದರು.

ಈಗಿನ ಹುಡುಗರು ಲೀಗ್ ನಂಬಿ ಹೊರಡುತ್ತಾರೆ. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಅಂತ ಬಂತು, ಕರ್ನಾಟಕ ಲಯನ್ಸ್ ಎಂಬ ತಂಡವೂ ಇತ್ತು. ಒಂದೇ ವರ್ಷಕ್ಕೆ ನಿಂತುಹೋಯಿತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾಯಿತು. 2017ರವರೆಗೆ ನಡೆದು ಅದೂ ನಿಂತಿತು. ಮತ್ತೆ ಶುರುವಾದದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ 7 ವರ್ಷ. 2017ರಲ್ಲಿ 18ರ ಹುಡುಗನೊಬ್ಬ ಈ ಲೀಗನ್ನೇ ನಂಬಿ ಕಾಲೇಜು ಬಿಟ್ಟಿದ್ದ ಅಂತ ಇಟ್ಟುಕೊಳ್ಳಿ. ಲೀಗ್ ವಾಪಸ್ ಬರುವಾಗ ಅವನಿಗೆ 25. ಕಾಲಿನ ಓಟದ ಒಳ್ಳೆಯ ವರ್ಷಗಳು ಕಾಯುವುದರಲ್ಲೇ ಕಳೆದವು. ಹೊಸದಾಗಿ ಶುರುವಾದಾಗ ಪುರುಷರ 8 ತಂಡಗಳಲ್ಲಿ ಕರ್ನಾಟಕದ ಹೆಸರಿನ ಒಂದು ತಂಡವೂ ಇರಲಿಲ್ಲ.

ಆ ಲೀಗಿನ 2024ರ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ಭಾರತದ ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ, 78 ಲಕ್ಷ ರೂಪಾಯಿ. ಹುಡುಗರು ಈ 78 ಲಕ್ಷದ ಸುದ್ದಿಯನ್ನು ಮೊಬೈಲಿನಲ್ಲಿ ನಮಗೆ ತೋರಿಸುತ್ತಾರೆ. ಅದೇ ಹರ್ಮನ್‌ಪ್ರೀತ್ ಪಂಜಾಬ್ ಪೊಲೀಸ್‌ನಲ್ಲಿ ಡಿವೈಎಸ್‌ಪಿ ಅಂತ ಯಾರೂ ತೋರಿಸುವುದಿಲ್ಲ. ನಮ್ಮ ದೇಶದ ಹಾಕಿ ನಿಂತಿರುವುದೇ ಕೆಲಸದ ಮೇಲೆ. ರಾಷ್ಟ್ರೀಯ ಮಟ್ಟದ ತಂಡಗಳ ಹೆಸರು ನೋಡಿ: ರೈಲ್ವೇಸ್, ಸರ್ವೀಸಸ್, ಪೆಟ್ರೋಲಿಯಂ. ಹಾಕಿಯಲ್ಲಿ ಪ್ರೊಫೆಷನಲ್ ಆಗುವುದು ಅಂದರೆ ಬಹಳ ಮಂದಿಗೆ ಕ್ರೀಡಾ ಕೋಟಾದಲ್ಲಿ ಒಂದು ನೌಕರಿ ಹಿಡಿಯುವುದು ಅಂತಲೇ ಅರ್ಥ.

ಅಲ್ಲೇ ಇರುವುದು ವಿಷಯ. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಹತ್ತನೇ ತರಗತಿ ಪಾಸಾದವರಿಗೆ ಕೆಳಗಿನ ಹಂತದ ಹುದ್ದೆ, ಪಿಯುಸಿ ಆದವರಿಗೆ ಅದಕ್ಕಿಂತ ಮೇಲಿನದು, ಪದವಿ ಇದ್ದವರಿಗೆ ಇನ್ನೂ ಮೇಲಿನದು. ಆಟಕ್ಕೊಂದು ಅಳತೆ, ಓದಿಗೊಂದು ಅಳತೆ. ನಮ್ಮ ರಾಜ್ಯದಲ್ಲಿ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೂ ಪಿಯುಸಿ ಆಗಿರಬೇಕು. ಒಂದೇ ತಂಡದಲ್ಲಿ ಪಕ್ಕ ಪಕ್ಕ ಆಡಿದ ಇಬ್ಬರು, ಒಂದೇ ಸಲ ಅರ್ಜಿ ಹಾಕಿದರೂ, ಅಂಕಪಟ್ಟಿ ಇಲ್ಲದವನು ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಾನೆ. ನಿವೃತ್ತಿಯವರೆಗೂ ಆ ಒಂದು ಮೆಟ್ಟಿಲಿನ ವ್ಯತ್ಯಾಸ ಅವನ ಸಂಬಳದಲ್ಲಿ ಕಾಣುತ್ತಲೇ ಇರುತ್ತದೆ.

ನಮ್ಮ ಮನೆಯ ಲೆಕ್ಕ

ಬೇಕರಿ ನಡೆಸುವ ತಂದೆಯೊಬ್ಬರು ಮೊನ್ನೆ ಬಂದಿದ್ದರು. ಹೆಸರು ಬೇಡ.

"ಉಸ್ತಾದ್, ಮಗನಿಗೆ ಬೆಂಗಳೂರಲ್ಲಿ ಹಾಸ್ಟೆಲ್ ಕೊಡ್ತಾರಂತೆ, ಊಟನೂ ಅಲ್ಲೇ ಅಂತೆ. ಸೆಕೆಂಡ್ ಪಿಯುಸಿ ಆಮೇಲೆ ಬರಿಬಹುದಂತೆ. ನೀವೇನ್ ಹೇಳ್ತೀರಿ?"

"ಆಮೇಲೆ ಬರಿಬಹುದು ಅಂತ ಹೇಳಿದ್ದು ಯಾರು?"

"ಮಗನೇ."

ಇಬ್ಬರಿಗೂ ನಗು ಬಂತು. ಆದರೆ ನಗುವ ವಿಷಯ ಅಲ್ಲ. ಆ ಹೊತ್ತಿಗೆ ನಮ್ಮ ಮನಸ್ಸಿಗೆ ಬಂದದ್ದು ಇನ್ನೊಂದು ಮಾತು. ಹುಡುಗ ಮೈದಾನಕ್ಕಾಗಿ ಕಾಲೇಜು ಬಿಡ್ತೀನಿ ಅಂದರೆ ನಾವು ಮೂರು ಮನೆ ಸೇರಿಸಿ ಪಂಚಾಯಿತಿ ಮಾಡುತ್ತೇವೆ. ಅದೇ ಹುಡುಗ ಮಾವನ ಬೇಕರಿ ಗಲ್ಲಾದಲ್ಲಿ ಕೂರಲು, ಗ್ಯಾರೇಜ್ ಸೇರಲು, ಗಲ್ಫ್ ವೀಸಾಕ್ಕಾಗಿ ಓದು ಬಿಟ್ಟರೆ ಯಾರೂ ಕೇಳುವುದಿಲ್ಲ. 'ದುಡೀಲಿ ಬಿಡಿ, ಮನೆಗೆ ಆಸರೆ ಆಗ್ತಾನೆ' ಅನ್ನುತ್ತೇವೆ. ಅಂಕಪಟ್ಟಿ ಇಲ್ಲದೆ ಹೊರಗೆ ಹೋದದ್ದು ಎರಡೂ ಕಡೆ ಒಂದೇ ತಾನೇ? ಆಟದ ಹುಡುಗನನ್ನು ಮಾತ್ರ ನಿಲ್ಲಿಸಿ ಬೈಯುವುದು ನ್ಯಾಯ ಅಲ್ಲ. ಅವನಿಗಾದರೂ ಎದುರಿಗೆ ಒಂದು ಗುರಿ ಇದೆ, ಬೆಳಗ್ಗೆ ನಾಲ್ಕೂವರೆಗೆ ಏಳುವ ಶಿಸ್ತು ಇದೆ.

ಹರಿಹರದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಊರಿಗೇ ಅನ್ನ ಕೊಟ್ಟಿತು. ಅದು ಮುಚ್ಚುತ್ತದೆ ಅಂತ ಒಂದು ಕಾಲದಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಕೊನೆಗೆ ಮುಚ್ಚಿತು. ಕೈಯಲ್ಲಿ ಐಟಿಐ, ಡಿಪ್ಲೊಮಾ ಇದ್ದವರಿಗೆ ಇನ್ನೊಂದು ಬಾಗಿಲು ತಟ್ಟುವ ಧೈರ್ಯವಾದರೂ ಇತ್ತು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಕಬ್ಬಿಣದ ಕಾರ್ಖಾನೆಗೇ ಗ್ಯಾರಂಟಿ ಇಲ್ಲದ ಮೇಲೆ, ಹದಿನೇಳರ ಹುಡುಗನ ಮೊಣಕಾಲಿಗೆ ಯಾರು ಗ್ಯಾರಂಟಿ ಕೊಡುತ್ತಾರೆ?

ಕಳಿಸುವುದಾದರೆ ಹೀಗೆ

ಹಾಗಾದರೆ ಬೇಡ ಅನ್ನೋಣವೇ? ಅದೂ ಸರಿಯಲ್ಲ. ಪ್ರತಿಭೆ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕಿದ್ದನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಾರದು. 2023ರಲ್ಲಿ ಸಲಾಲಾದಲ್ಲಿ ಪಾಕಿಸ್ತಾನವನ್ನು ಮಣಿಸಿ ಹಾಕಿ ಫೈವ್ಸ್ ಏಷ್ಯಾ ಕಪ್ ಗೆದ್ದ ಭಾರತ ತಂಡದಲ್ಲಿ ನಮ್ಮ ಬೆಂಗಳೂರಿನ ಮೊಹಮ್ಮದ್ ರಾಹೀಲ್ ಇದ್ದರು. ಅಂಥ ಇನ್ನೊಬ್ಬ ಹುಡುಗ ನಮ್ಮ ಬೀದಿಯಲ್ಲೇ ಇರಬಹುದು. ಆದ್ದರಿಂದ ಕಳಿಸಿ, ಆದರೆ ಕೆಲವು ವಿಷಯ ಗಟ್ಟಿ ಮಾಡಿಕೊಂಡು ಕಳಿಸಿ.

ಮೊದಲನೆಯದು, ಓದು ಪೂರ್ತಿ ಬಿಡಬೇಕಾಗಿಯೇ ಇಲ್ಲ. ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇದೆ. ಟೂರ್ನಿ ಬಂದು ಒಂದು ತಪ್ಪಿದರೆ ಇನ್ನೊಂದು ಬರೆಯಬಹುದು. ಹಾಜರಾತಿಯ ತೊಂದರೆ ಇದ್ದರೆ ಮಗನ ಬಾಯಿಮಾತು ನಂಬದೆ ಪ್ರಾಂಶುಪಾಲರನ್ನು ನೀವೇ ಹೋಗಿ ಕಾಣಿ. ಕಾಲೇಜಿಗೆ ಹೋಗಲು ಆಗುವುದೇ ಇಲ್ಲ ಅಂದರೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಪದವಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ.

ಎರಡನೆಯದು, ಯಾರ ಕೈಗೆ ಒಪ್ಪಿಸುತ್ತೀರಿ ಅಂತ ನೋಡಿ. ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳಲ್ಲಿ, ಕೊಡಗಿನ ಕೂಡಿಗೆಯ ಕ್ರೀಡಾ ಶಾಲೆಯಂಥ ಕಡೆ ಆಟದ ಜೊತೆ ಓದೂ ನಡೆಯುತ್ತದೆ. ಖೇಲೋ ಇಂಡಿಯಾಕ್ಕೆ ಆಯ್ಕೆಯಾದ ಮಕ್ಕಳಿಗೆ ತರಬೇತಿಯ ಖರ್ಚಲ್ಲದೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೂ ಕೊಡುತ್ತಾರೆ. ವಿಶ್ವವಿದ್ಯಾಲಯಗಳಿಗೂ ಖೇಲೋ ಇಂಡಿಯಾ ಕೂಟ ಇದೆ, ಒಂದು ವರ್ಷ ಅದು ಬೆಂಗಳೂರಿನಲ್ಲೇ ನಡೆಯಿತು. ಅಂದರೆ ಕಾಲೇಜು ಕೂಡ ಮೈದಾನಕ್ಕೆ ಹೋಗುವ ಒಂದು ದಾರಿಯೇ. ಇದಕ್ಕೆ ವಿರುದ್ಧವಾಗಿ 'ಇಷ್ಟು ಲಕ್ಷ ಕಟ್ಟಿ, ಸೆಲೆಕ್ಷನ್ ನಾವು ಮಾಡಿಸ್ತೀವಿ' ಅನ್ನುವವರು ಬಂದರೆ ಒಂದು ಲೋಟ ಚಹಾ ಕೊಟ್ಟು ಕಳಿಸಿಬಿಡಿ. ಆಯ್ಕೆಯನ್ನು ಮಾರುವವನು ನಾಳೆ ನಿಮ್ಮ ಮಗನ ಜಾಗವನ್ನೂ ಇನ್ನೊಬ್ಬರಿಗೆ ಮಾರುತ್ತಾನೆ.

ಮೂರನೆಯದು, ಮಾತು ಕಾಗದದಲ್ಲಿರಲಿ. ನಮ್ಮ ಕಾನೂನಿನಲ್ಲಿ 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ. ಮಗನ ಸಹಿ ಹಾಕಿಸಿಕೊಂಡು ಹೋದರು ಅಂತ ಆಮೇಲೆ ಅತ್ತು ಪ್ರಯೋಜನ ಇಲ್ಲ. ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಫೀಸು ಕಟ್ಟುವವರು ಯಾರು, ಮಧ್ಯದಲ್ಲಿ ಬಿಟ್ಟು ಬಂದರೆ ಸರ್ಟಿಫಿಕೇಟ್ ವಾಪಸ್ ಕೊಡುತ್ತಾರಾ, ಈ ಮೂರು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೇಳಿ. ಓದಲು ಬಾರದಿದ್ದರೆ ತಿಳಿದವರ ಹತ್ತಿರ ಓದಿಸಿ. ನಾಚಿಕೆ ಬೇಡ.

ನಮ್ಮ ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಎಸೆಸೆಲ್ಸಿಯಲ್ಲಿ ತೊಂಬತ್ತು ತೆಗೆದ ಮಕ್ಕಳಿಗೆ ವರ್ಷವೂ ಶಾಲು ಹಾಕುತ್ತೇವೆ. ಜಿಲ್ಲಾ ತಂಡಕ್ಕೆ ಆಡಿದ ಹುಡುಗನನ್ನು ಆ ವೇದಿಕೆಗೆ ಕರೆದದ್ದು ಎಷ್ಟು ಸಲ? ಕರೆಯಿರಿ. ಪಕ್ಕದಲ್ಲೇ ನಿಲ್ಲಿಸಿ, ಅವನ ಪರೀಕ್ಷೆಯ ಫೀಸನ್ನೂ ನೀವೇ ಕಟ್ಟಿ. ಆಗ ನಾವು ಹೇಳುವ 'ಓದು ಬಿಡಬೇಡ' ಅನ್ನುವ ಮಾತನ್ನು ಅವನು ಕೇಳಿಯಾನು.