ಶಿವರಾತ್ರಿಯಿಂದ ಭರಣಿಯವರೆಗೆ: ಅರೆಕೆರೆಯ ತಾರಸಿ ತೋಟ

ಬೆಂಗಳೂರಿನ ತರಕಾರಿ ತೋಟಕ್ಕೆ ವರ್ಷದಲ್ಲಿ ಅತಿ ಕಠಿಣವಾದ ಕಾಲ ಮಳೆಗಾಲವೂ ಅಲ್ಲ, ಚಳಿಗಾಲವೂ ಅಲ್ಲ. ಶಿವರಾತ್ರಿ ಕಳೆದು ಮೊದಲ ಗುಡುಗು ಕೇಳುವವರೆಗಿನ ಎರಡು, ಎರಡೂವರೆ ತಿಂಗಳು. ಪಂಚಾಂಗದ ಲೆಕ್ಕದಲ್ಲಿ ಇದರ ಬಹುಪಾಲು ವಸಂತ. ರಸ್ತೆ ಬದಿಯ ಹೊಂಗೆ ಹಳೆಯ ಎಲೆ ಉದುರಿಸಿ ತಿಳಿಹಸಿರು ಚಿಗುರು ತಳೆಯುತ್ತದೆ, ಬೇವು ಹೂ ಬಿಡುತ್ತದೆ, ಮಾವು ಹೀಚುಗಟ್ಟುತ್ತದೆ. ಆದರೆ ಬೇರು ಆಳಕ್ಕಿಳಿದ ಮರಕ್ಕಿರುವ ಅನುಕೂಲ ಒಂದಡಿ ಎತ್ತರದ ಚೀಲದಲ್ಲಿ ನಿಂತ ಬದನೆ ಗಿಡಕ್ಕಿಲ್ಲ. ಅದಕ್ಕೆ ಒಂದು ದಿನದ ನೀರು ತಪ್ಪಿದರೂ ಸಂಜೆಯೊಳಗೆ ಎಲೆ ಜೋಲುತ್ತದೆ.

ಬನ್ನೇರುಘಟ್ಟ ರಸ್ತೆಗೆ ಹೊಂದಿಕೊಂಡ ಅರೆಕೆರೆಯಲ್ಲಿ ತರಕಾರಿ ಬೆಳೆಯುವುದೆಂದರೆ ಬಹುಮಟ್ಟಿಗೆ ತಾರಸಿಯ ಮೇಲೆಯೇ. ಕೆರೆಯ ಪಕ್ಕದ ಹಳ್ಳಿಯಾಗಿದ್ದ ಈ ಊರು ಬೊಮ್ಮನಹಳ್ಳಿ ನಗರಸಭೆಯ ಜೊತೆಗೆ 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಬಂತು. ಮೈಕೋ ಲೇಔಟ್‌ನಂಥ ಬಡಾವಣೆಗಳು ಬೆಳೆದು ನೆಲವೆಲ್ಲ ಮನೆಯಾಯಿತು. 30x40 ನಿವೇಶನದ ಒಟ್ಟು ವಿಸ್ತೀರ್ಣ ಸುಮಾರು 111 ಚದರ ಮೀಟರ್. ಬ್ರಿಟನ್ನಿನಲ್ಲಿ ಸ್ಥಳೀಯ ಆಡಳಿತ ಪೌರರಿಗೆ ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ಪಾತಿಯ ರೂಢಿಯ ಅಳತೆಯೇ ಸುಮಾರು 250 ಚದರ ಮೀಟರ್. ಅದಕ್ಕಾಗಿ ಅಲ್ಲಿ 1908ರಿಂದ ಕಾನೂನೂ ಇದೆ. ಬೆಂಗಳೂರಿನಲ್ಲಿ ಅಂಥ ಏರ್ಪಾಡಿಲ್ಲ. ಇಲ್ಲಿನ ತೋಟ ನೆಲ ಬಿಟ್ಟು ಮೇಲೇರಿದ್ದು ಹೀಗೆ. ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ 1990ರ ದಶಕದ ನಡುವಿನಿಂದ ಸಾವಯವ ತಾರಸಿ ತೋಟದ ಪಾಠವನ್ನು ನಗರದ ಮನೆಮನೆಗೆ ಮುಟ್ಟಿಸಿದರು. ಅವರಿಂದ ಪ್ರೇರಣೆ ಪಡೆದ ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ 'ಊಟ ಫ್ರಂ ಯುವರ್ ತೋಟ' ಎಂಬ ಮೇಳಗಳನ್ನು ನಡೆಸುತ್ತ ಬಂದಿದೆ. ಬೀಜ, ಸಸಿ, ಗೊಬ್ಬರ ಒಂದೇ ಕಡೆ ಸಿಗುವ ಈ ಮೇಳಗಳಿಂದ ಹೊಸಬರಿಗೆ ಆಗಿರುವ ಉಪಕಾರ ದೊಡ್ಡದು.

ಫೆಬ್ರವರಿಯಲ್ಲಿ ಚಳಿಗಾಲದ ಬೆಳೆ ಮುಗಿಯುತ್ತದೆ. ಸಂಕ್ರಾಂತಿಯವರೆಗೆ ಕೈತುಂಬ ಸಿಕ್ಕ ಅವರೆ ಒಣಗಿ ನಿಲ್ಲುತ್ತದೆ, ಕೋಸು ಬಿರಿಯುತ್ತದೆ, ಕೊತ್ತಂಬರಿ ಎಲೆ ಬಿಡುವುದನ್ನು ಮರೆತು ಹೂವಿನ ಕಡ್ಡಿ ಎಬ್ಬಿಸುತ್ತದೆ. ಚೀಲಗಳ ಮಣ್ಣು ಸುರಿದು, ಬೇರು ಆಯ್ದು, ಬಿಸಿಲಿಗೆ ಹರವಿ ಒಣಗಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒಣಗಿದ ಮಣ್ಣಿಗೆ ಅಡುಗೆಮನೆಯ ಹಸಿ ಕಸದ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ, ನೆನೆಸಿ ತೊಳೆದ ಕೋಕೋಪೀಟ್ ಬೆರೆಸುತ್ತಾರೆ. ತೊಳೆಯದ ಕೋಕೋಪೀಟ್‌ನಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಎಳೆ ಬೇರು ಅದನ್ನು ತಾಳುವುದಿಲ್ಲ. ಇದೇ ಹೊತ್ತಿಗೆ ತಾರಸಿಯ ಭಾರದ ಲೆಕ್ಕವನ್ನೂ ನೋಡಿಕೊಳ್ಳುವುದು ಒಳ್ಳೆಯದು. ಒಂದಡಿ ಅಗಲ, ಒಂದಡಿ ಎತ್ತರದ ಚೀಲ 20 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ತೂಕ 30 ಕಿಲೋ ದಾಟುತ್ತದೆ. ಭಾರದ ಚೀಲಗಳು ತೊಲೆಯ ಮೇಲೆ, ಗೋಡೆಯ ಅಂಚಿನಲ್ಲಿ ಇದ್ದರೆ ಕ್ಷೇಮ.

ಮಾರ್ಚ್ ಬಂತೆಂದರೆ ನೀರಿನ ಚಿಂತೆ ಶುರು. ಫೆಬ್ರವರಿಯಲ್ಲಿ ನಗರದ ಸರಾಸರಿ ಮಳೆ 10 ಮಿ.ಮೀ. ಆಸುಪಾಸು, ಸರಾಸರಿ 100 ಮಿ.ಮೀ. ಮೀರಬೇಕಾದರೆ ಮೇ ತಿಂಗಳೇ ಬರಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರಾದರೂ 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 2024ರ ಬೇಸಿಗೆಯಂತೂ ತಾರಸಿ ತೋಟದವರು ಮರೆಯುವಂಥದ್ದಲ್ಲ. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಏಪ್ರಿಲ್ ಇಡೀ ಮಳೆ ಇಲ್ಲವೆಂಬಂತೆ ಹೋಯಿತು, ಮೇ ಮೊದಲ ವಾರದಲ್ಲಷ್ಟೇ ಆಕಾಶ ಕರಗಿತು.

ಅಂಥ ದಿನಗಳಲ್ಲಿ ತೋಟವನ್ನು ಉಳಿಸುವುದು ಅಕ್ಕಿ, ತರಕಾರಿ ತೊಳೆದ ನೀರು, ಮತ್ತು ಅದಕ್ಕಿಂತ ಹೆಚ್ಚಾಗಿ ಹೊದಿಕೆ. ಹೊಂಗೆ ಎಲೆ ರಾಶಿರಾಶಿಯಾಗಿ ಉದುರುವುದು ಸರಿಯಾಗಿ ಬೇಕಾದ ಹೊತ್ತಿನಲ್ಲೇ. ಗುಡಿಸಿ ಬೆಂಕಿ ಹಚ್ಚುವ ಬದಲು ಎರಡು ಮೂರು ಬೆರಳು ದಪ್ಪಕ್ಕೆ ಚೀಲದ ಮಣ್ಣಿನ ಮೇಲೆ ಹಾಸಿದರೆ ಆವಿಯಾಗುವ ನೀರು ಎಷ್ಟೋ ಉಳಿಯುತ್ತದೆ. ಮಳೆಗಾಲದ ಹೊತ್ತಿಗೆ ಅದೇ ಕೊಳೆತು ಗೊಬ್ಬರ. ಶೇ 50ರ ನೆರಳು ಬಲೆ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ. ಕಪ್ಪು ಕುಂಡಕ್ಕಿಂತ ಬಿಳಿ ಚೀಲದ ಮಣ್ಣು ತಂಪು. ಚೀಲಗಳನ್ನು ಒಂದಕ್ಕೊಂದು ಒತ್ತಿ ಇಟ್ಟರೆ ಅಂಚಿನವು ಮಾತ್ರ ಕಾಯುತ್ತವೆ, ಒಳಗಿನವಕ್ಕೆ ಬಿಸಿ ಅಷ್ಟಾಗಿ ತಟ್ಟದು. ನೀರು ಹಾಕುವುದು ಬೆಳಗಿನ ಜಾವಕ್ಕೆ ಅಥವಾ ಬಿಸಿಲಿಳಿದ ಮೇಲೆ.

ಈ ಕಾಲಕ್ಕೆ ಒಗ್ಗುವ ಬೆಳೆಯನ್ನೇ ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ದಂಟು, ಹರಿವೆ, ಬಸಳೆ ಬಿಸಿಲಿಗೆ ಹಿಗ್ಗುತ್ತವೆ. ಹರಿವೆ ತಿಂಗಳೊಪ್ಪತ್ತಿನಲ್ಲಿ ಸಾರಿಗೆ ಬರುತ್ತದೆ. ಬೆಂಡೆ ನಲವತ್ತು ನಲವತ್ತೈದು ದಿನಕ್ಕೆ ಹೂವಾಡುತ್ತದೆ. ಗೋರಿಕಾಯಿ, ಅಲಸಂದೆ, ಹೀರೆ, ಹಾಗಲ, ಸೌತೆ ಎಲ್ಲಕ್ಕೂ ಶಿವರಾತ್ರಿಯಿಂದ ಯುಗಾದಿಯೊಳಗೆ ಬೀಜ ಊರಬಹುದು. ಟೊಮೆಟೊ ಮಾತ್ರ ಸತಾಯಿಸುತ್ತದೆ: ಹಗಲಿನ ಶಾಖ 35 ಡಿಗ್ರಿಯ ಹತ್ತಿರ ಹೋಗಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಹೂ ಕಾಯಿ ಕಚ್ಚದೆ ಉದುರುತ್ತದೆ. ಗಿಡಕ್ಕೆ ರೋಗ ಬಂತೆಂದು ಗಾಬರಿಯಾಗುವವರೇ ಹೆಚ್ಚು, ಅದು ರೋಗವಲ್ಲ.

ಬಳ್ಳಿ ತರಕಾರಿಗಳದ್ದು ಬೇರೆಯೇ ಕಥೆ. ಹೀರೆ, ಸೋರೆ, ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಮೊದಲು ಬರುವುದೆಲ್ಲ ಗಂಡು ಹೂವೇ. ಶಾಖ ಏರಿದಷ್ಟೂ ಅವುಗಳ ಪಾಲು ಹೆಚ್ಚು. ಹೆಣ್ಣು ಹೂವಿನ ಗುರುತು ಅದರ ಬುಡದಲ್ಲಿರುವ ಪುಟ್ಟ ಹೀಚು: ಹೀರೆಯದಾದರೆ ಬೆರಳುದ್ದದ, ಏಣುಗಳು ಆಗಲೇ ಮೂಡಿದ ಕಾಯಿ. ಪರಾಗ ತಾಗದಿದ್ದರೆ ಆ ಹೀಚು ತುದಿಯಿಂದ ಹಳದಿಗೆ ತಿರುಗಿ ಕೆಲವೇ ದಿನಗಳಲ್ಲಿ ಉದುರುತ್ತದೆ. ಮೂರನೇ ನಾಲ್ಕನೇ ಮಹಡಿಯ ಮೇಲಿನ ತೋಟಕ್ಕೆ ಜೇನು ಯಾವಾಗಲೂ ಬರುತ್ತದೆಂಬ ಭರವಸೆಯಿಲ್ಲ. ಆಗ ಕೈಯಿಂದಲೇ ಆ ಕೆಲಸ ಆಗಬೇಕು: ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ದಳ ಬಿಡಿಸಿ, ಹಳದಿ ಪುಡಿ ತುಂಬಿದ ಕೇಸರವನ್ನು ಹೆಣ್ಣು ಹೂವಿನ ನಡುವಿನ ಅಂಟಾದ ಭಾಗಕ್ಕೆ ಮೆಲ್ಲಗೆ ಒತ್ತಬೇಕು. ಹೊತ್ತು ಮುಖ್ಯ. ಕುಂಬಳ, ಸೌತೆ, ಹಾಗಲ ಅರಳುವುದು ಬೆಳಿಗ್ಗೆ. ಹೀರೆ ಅರಳುವುದು ಸಂಜೆ, ಸೋರೆಯ ಬಿಳಿ ಹೂ ಮುಸ್ಸಂಜೆಗೆ ಬಿರಿದು ಪತಂಗಗಳನ್ನು ಕಾಯುತ್ತದೆ. ಮಧ್ಯಾಹ್ನ ಮಹಡಿ ಹತ್ತಿ ಸೋರೆ ಹೂ ಹುಡುಕಿದರೆ ಸಿಗುವುದು ಮುದುಡಿದ ದಳ ಮಾತ್ರ. ಚಪ್ಪರದ ಪಕ್ಕದಲ್ಲಿ ನಾಲ್ಕು ತುಳಸಿ ಗಿಡಗಳನ್ನು ತೆನೆ ಚಿವುಟದೆ ಬಿಟ್ಟರೆ ಜೇನಿನ ಓಡಾಟ ಹೆಚ್ಚುತ್ತದೆ.

ಒಣ ಹವೆ ಕೀಟಗಳಿಗೆ ಹಬ್ಬ. ಬಿಳಿನೊಣ ಟೊಮೆಟೊಗೆ ಎಲೆ ಮುಟುರು ನಂಜನ್ನೂ ಬೆಂಡೆಗೆ ಹಳದಿ ನರದ ನಂಜನ್ನೂ ಹರಡುತ್ತದೆ. ಮೆಣಸಿನ ಗಿಡದ ತುದಿ ಮುದುಡಿಕೊಂಡರೆ ನುಸಿ ಅಥವಾ ಥ್ರಿಪ್ಸ್ ಸೇರಿದೆ ಎಂದರ್ಥ. ದಾಸವಾಳದಿಂದ ಬದನೆಗೆ ಹಿಟ್ಟು ತಿಗಣೆ ಇಳಿಯುತ್ತದೆ. ಅದನ್ನು ಹೊತ್ತು ತಿರುಗುವ ಇರುವೆಗಳ ಸಾಲನ್ನು ಕಂಡಾಗಲೇ ಎಚ್ಚರಾಗಬೇಕು. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತಿನಲ್ಲಿ ಎಲೆಯ ಕೆಳಮೈಗೆ ಸಿಂಪಡಣೆ: ಇಷ್ಟನ್ನು ವಾರಕ್ಕೊಮ್ಮೆ ಬಿಡದೆ ಮಾಡಿದರೆ ಬಹುಪಾಲು ಕೀಟ ಹತೋಟಿಗೆ ಬರುತ್ತದೆ. ನಂಜು ಹತ್ತಿದ ಗಿಡಕ್ಕೆ ಮಾತ್ರ ಮದ್ದಿಲ್ಲ, ಮಮತೆ ಬಿಟ್ಟು ಕಿತ್ತೆಸೆಯಬೇಕು. ತಳಿಯ ಆಯ್ಕೆಯೇ ಇಲ್ಲಿ ದೊಡ್ಡ ರಕ್ಷಣೆ. 1967ರಲ್ಲಿ ಸ್ಥಾಪನೆಯಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವ ಸಂಕರಣ ತಳಿ. ಅಲ್ಲಿಯದೇ ಅರ್ಕಾ ಅನಾಮಿಕ ಬೆಂಡೆಗೆ ಹಳದಿ ನಂಜಿನ ನಿರೋಧ ಬಂದದ್ದು ಬೆಂಡೆಯ ಕಾಡು ಬಂಧುವಿನಿಂದ. ವರ್ಷಗಳು ಕಳೆದಂತೆ ಆ ನಿರೋಧ ಕುಗ್ಗಿದೆ, ಆದ್ದರಿಂದ ಬಿಳಿನೊಣದ ಮೇಲೆ ಕಣ್ಣು ಇದ್ದೇ ಇರಬೇಕು.

ಅಳಿಲು ಹಣ್ಣಾಗುವ ಟೊಮೆಟೊವನ್ನೂ, ಪಾರಿವಾಳ ಆಗಷ್ಟೇ ಮೊಳೆತ ಕಾಳನ್ನೂ ಬಿಡುವುದಿಲ್ಲ. ಬಲೆ ಹೊದಿಸುವುದೊಂದೇ ಇದಕ್ಕೆ ದಾರಿ.

ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ರೈತರ ಮಾತು ತಾರಸಿಗೂ ಸಲ್ಲುತ್ತದೆ. ಒಂದು ಹದವಾದ ಮಳೆಯ ಮರುದಿನ ಗಿಡಗಳ ಬಣ್ಣವೇ ಬದಲಾಗಿರುತ್ತದೆ. ವಾರವೆಲ್ಲ ಕೊಳವೆಬಾವಿಯ ಗಡಸು ನೀರು ಕುಡಿದ ಮಣ್ಣಿನ ಉಪ್ಪನ್ನು ಮಳೆ ತೊಳೆದು ಇಳಿಸುತ್ತದೆ. ಆದರೆ ಈ ಮಳೆ ಒಬ್ಬಂಟಿಯಾಗಿ ಬರುವುದು ಕಡಿಮೆ. ಜೊತೆಗೆ ಬೀಸುವ ಗಾಳಿ ಮಹಡಿಯ ಮೇಲೆ ತಡೆಯಿಲ್ಲದೆ ನುಗ್ಗಿ ಚಪ್ಪರ ಉರುಳಿಸುತ್ತದೆ, ಆಲಿಕಲ್ಲು ಸೌತೆ ಎಲೆಯನ್ನು ಜರಡಿ ಮಾಡುತ್ತದೆ. ಆದ್ದರಿಂದ ಯುಗಾದಿ ಮುಗಿಯುತ್ತಲೇ ಚಪ್ಪರದ ಕಂಬಗಳನ್ನು ತಾರಸಿಯ ಗೋಡೆಗೆ ಬಿಗಿದು, ನೀರು ಹೋಗುವ ಕೊಳವೆಯ ಬಾಯಿಗೆ ಸಿಕ್ಕಿಕೊಂಡ ಎಲೆ ತೆಗೆದಿಡುವುದು ರೂಢಿ. ಎಲೆ ಹರಿದರೂ ತುದಿ ಉಳಿದ ಬಳ್ಳಿ ಮತ್ತೆ ಚಿಗುರುತ್ತದೆ. ಕಾಂಡ ಮುರಿದದ್ದನ್ನು ಕಿತ್ತು, ಅದೇ ಚೀಲಕ್ಕೆ ಒಂದು ಹಿಡಿ ಎರೆಗೊಬ್ಬರ ಹಾಕಿ ಹೊಸ ಬೀಜ ಊರಿದರೆ ಮುಂಗಾರು ಹಿಡಿಯುವ ಹೊತ್ತಿಗೆ ಹೊಸ ಬಳ್ಳಿ ಚಪ್ಪರ ಮುಟ್ಟಿರುತ್ತದೆ.